ಮೂರು ನಿಮಿಷದ ಮಾತು

ಫೆಬ್ರವರಿ ೧೯, ಬುಧವಾರ
ಬೆಳಗ್ಗೆ ಒಂಬತ್ತೂವರೆ
ಅಗ್ನಿಶಾಮಕ ಠಾಣೆಯ ಅಂಗಳ, ಕಲ್ಲುಬೆಂಚಿನ ಮೇಲಿಂದ

ಪ್ರೀತಿಯ ಪಿಸು,

ನಿನ್ನ ಅಕ್ಕನ ಗುಡುಗು, ಮಿಂಚು, ಆಶೀರ್ವಾದ ಮೂರೂ ಒಟ್ಟಿಗೆ ಬರುತ್ತಿವೆ, ಸೆರಗೊಡ್ಡಿ ಹಿಡಿದುಕೋ. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು; ಹಿಡಿದು ನಿಲ್ಲಿಸಿದೆ. ಎರಡು ವರ್ಷದಿಂದ ನಿನಗೊಂದು ಸಾಲು ಬರೆದಿಲ್ಲ. ನಿನ್ನ ಮೂರು ಕಾಗದಗಳು ಮೇಜಿನ ಖಾನೆಯಲ್ಲಿವೆ. ಒಡೆದಿದ್ದೇನೆ, ಓದಿದ್ದೇನೆ, ಉತ್ತರ ಬರೆದಿಲ್ಲ. ಕೈನೋವು, ಕಣ್ಣಿನ ಪೊರೆ, ಪುರುಸೊತ್ತಿಲ್ಲ ಎಂದು ಒಂದು ಅಂಕಕ್ಕಾಗುವಷ್ಟು ನೆವ ಹೇಳಬಲ್ಲೆ. ನಾಟಕ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ನಾನು ಮರೆತ ಮಾತನ್ನೆಲ್ಲ ಪಿಸುಗುಟ್ಟಿ ಕೊಟ್ಟವಳು ನೀನು. ನೆವ ಯಾವುದು ನಿಜ ಯಾವುದು ಎಂದು ನಿನಗೆ ತಿಳಿಯದೆ? ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ, ಅಷ್ಟು ಹೊತ್ತಿಗೆ ಧೈರ್ಯ ಉಳಿದಿದ್ದರೆ.

ಮೊದಲು ಸುದ್ದಿ. ನಿಂತಿದ್ದರೆ ಕೂತುಕೋ.

ಸೆಪ್ಟೆಂಬರಿನಲ್ಲಿ ನಿನ್ನ ಮಗಳು ಫೋನಿನಲ್ಲಿ "ಕಾಲು ಸ್ವಲ್ಪ ಉಳುಕಿದೆ ಅಮ್ಮ, ಗಾಬರಿ ಬೇಡ" ಎಂದಳಲ್ಲ, ಅದು ಉಳುಕಲ್ಲ. ಬಟ್ಟೆ ಗೋದಾಮೊಂದಕ್ಕೆ ಬೆಂಕಿ ಬಿದ್ದಾಗ ಮರದ ಮೆಟ್ಟಿಲು ಅವಳ ಕಾಲಡಿಯೇ ಮುರಿಯಿತು. ಮಂಡಿಯೊಳಗಿನ ಮೆತ್ತೆ ಹರಿದು, ಆಪರೇಷನ್ ಮಾಡಿ ಹೊಲಿಗೆ ಹಾಕಿದರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಬೈಯುವುದಿದ್ದರೆ ನನಗೆ ಬೈ, ಅವಳಿಗೆ ಇವತ್ತು ಬೇಡ. ಯಾಕೆಂದರೆ ಇವತ್ತು ಹನ್ನೊಂದು ಗಂಟೆಗೆ ಅವಳ ಪರೀಕ್ಷೆ.

ನನ್ನೆದುರಿಗೆ ತರಬೇತಿಯ ಗೋಪುರ ನಿಂತಿದೆ. ಏಳು ಮಹಡಿ, ಪ್ರತಿ ಮಹಡಿಗೂ ಬಾಗಿಲಿಲ್ಲದ ಒಂದು ಕಿಟಕಿ, ತುದಿಯಲ್ಲಿ ಒಂದು ಗಂಟೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಹೆಗಲಿಗೆ ನೀರಿನ ಪೈಪಿನ ಸುರುಳಿ. ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಿ ಗಂಟೆ ಬಾರಿಸಬೇಕು. ಎಂಟು ನಿಮಿಷ. ಗಂಟೆ ಬಾರಿಸಿದರೆ ಮತ್ತೆ ಬೆಂಕಿಯ ವಾಹನ ಹತ್ತುತ್ತಾಳೆ. ಇಲ್ಲದಿದ್ದರೆ ಜೀವಮಾನವಿಡೀ ಕರೆ ಬರೆದುಕೊಳ್ಳುವ ಫೋನ್ ಕೋಣೆ. ಇನ್ನೊಂದು ಅವಕಾಶವಿಲ್ಲ.

ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. "ಫೋನ್ ಕೋಣೆಯಾದ್ರೆ ಆಗ್ಲಿ ಬಿಡಕ್ಕ, ಜೀವ ಉಳೀತಲ್ಲ." ನಾನೂ ಅದನ್ನೇ ಅಂದೆ. ಅವಳು ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದವಳು ತಲೆಯೆತ್ತದೆ ಕೇಳಿದಳು, "ದೊಡ್ಡಮ್ಮ, ಕಂಪನೀಲಿ ನಿನ್ನನ್ನ ಟಿಕೆಟ್ ಹರಿಯೋಕೆ ಕೂರ್ಸಿದ್ರೆ ಕೂರ್ತಿದ್ಯಾ?" ರಾಜನ ಪಾತ್ರ ಮಾಡಿ ಮೆರೆದವಳು ಎದ್ದುಹೋಗಿ ಇನ್ನಷ್ಟು ಐಸ್ ತಂದೆ.

ತೊಡಕು ಮಂಡಿಯದ್ದಷ್ಟೇ ಅಲ್ಲ, ದಮ್ಮಿನದ್ದು. ಮೂರು ತಿಂಗಳು ಮಲಗಿ ಕೂತು ಅವಳ ದಮ್ಮು ಪೂರಾ ಇಳಿದಿತ್ತು. ಠಾಣೆಯಲ್ಲಿ ಏಣಿ ಎಂದೇ ಕರೆಯುವ ಹುಡುಗಿ ಸ್ನಾನ ಮುಗಿಸಿ ಬಂದರೆ ಗೋಡೆ ಹಿಡಿಯುತ್ತಿದ್ದಳು. ಓಡಿದರೆ ಮಂಡಿ ಹೋಗುತ್ತದೆ, ಓಡದಿದ್ದರೆ ದಮ್ಮು ಬರುವುದಿಲ್ಲ. ಪರೀಕ್ಷೆಗೆ ಉಳಿದದ್ದು ಎಂಟು ವಾರ.

ಆಗ ರಂಗಕ್ಕೆ ಬಂದಳು ಫಿಸಿಯೋ ಡಾಕ್ಟರಮ್ಮ. ನನ್ನ ಭುಜದೆತ್ತರ, ಮಾತು ಸೂಜಿ. ಎರಡು ತೊಡೆಪಟ್ಟಿಗಳನ್ನು ತಂದು ಮೇಜಿನ ಮೇಲಿಟ್ಟಳು. ರಕ್ತದೊತ್ತಡ ನೋಡಲು ತೋಳಿಗೆ ಸುತ್ತುತ್ತಾರಲ್ಲ, ಅದರ ಅಣ್ಣನಂತಿವೆ; ಹಿಚುಕಲು ಒಂದು ರಬ್ಬರ್ ಬುರುಡೆ, ಒತ್ತಡ ತೋರಿಸಲು ಒಂದು ಮುಳ್ಳು.

"ಇದನ್ನ ತೊಡೆ ಮೇಲ್ಭಾಗಕ್ಕೆ ಕಟ್ಟಿ ಗಾಳಿ ತುಂಬ್ತೀವಿ. ರಕ್ತದ ಓಡಾಟನ ಪೂರ್ತಿ ನಿಲ್ಲಿಸಲ್ಲ, ಸುಮಾರು ಅರ್ಧ ತಡೀತೀವಿ. ಆಮೇಲೆ ಮೆಲ್ಲಗೆ ನಡೆದ್ರೂ ಕಾಲಿಗೆ ಓಡಿದಷ್ಟು ಸುಸ್ತು. ಆ ಸುಸ್ತಿಂದ ಕಾಲೂ ಕಲಿಯುತ್ತೆ, ಎದೇನೂ ಕಲಿಯುತ್ತೆ. ಮಂಡಿಗೆ ಮಾತ್ರ ಭಾರ ಬೀಳಲ್ಲ."

"ದಮ್ಮು ಬರೋದು ಗ್ಯಾರಂಟಿನಾ?" ಎಂದೆ ನಾನು.

"ಗ್ಯಾರಂಟಿ ಕೊಡೋಕೆ ನಾನೇನು ಮಿಕ್ಸಿ ಮಾರ್ತಿದ್ದೀನಾ ಅಮ್ಮ? ಕೆಲವರಿಗೆ ಚೆನ್ನಾಗಿ ಹೆಚ್ಚಿದೆ, ಕೆಲವರಿಗೆ ಅಷ್ಟಕ್ಕಷ್ಟೆ. ಇವರ ರಕ್ತನಾಳ ಎಲ್ಲ ಪರೀಕ್ಷೆ ಮಾಡಿಸಿದ್ದೀನಿ, ತೊಂದರೆ ಇಲ್ಲ. ಆದ್ರೆ ಎರಡು ಮಾತು. ಮುಳ್ಳು ಈ ಕೆಂಪು ಗೆರೆ ದಾಟಬಾರದು. ಮೂರು ನಿಮಿಷ ನಡಿಗೆ, ಗಾಳಿ ಬಿಟ್ಟು ಒಂದು ನಿಮಿಷ ವಿರಾಮ. ಹೀಗೆ ಐದು ಸಲ. ಮೂರು ಅಂದ್ರೆ ಮೂರು. ಗಡಿಯಾರ ನೋಡ್ಕೊಂಡು ಮಾಡಿ."

ವಾರಕ್ಕೆ ಮೂರು ದಿನ ಅವಳ ಕೇಂದ್ರದಲ್ಲಿ, ಎರಡು ದಿನ ನಮ್ಮ ಮನೆಯಲ್ಲಿ. ಮನೆಯಲ್ಲಿ ಬುರುಡೆ ಹಿಚುಕುವ ಪಟ್ಟಾಭಿಷೇಕ ಯಾರಿಗೆ? ನನಗೆ.

ದೂರದ ಗೋಡೆ ಗಡಿಯಾರ ನೋಡಲು ನನಗೆ ಕನ್ನಡಕ ಬೇಕು. ಕನ್ನಡಕ ಹಾಕಿದರೆ ಒತ್ತಡದ ಮುಳ್ಳು ಕಾಣುವುದಿಲ್ಲ, ತೆಗೆದರೆ ಮುಳ್ಳು ಕಾಣುತ್ತದೆ, ಗಡಿಯಾರ ಕಾಣುವುದಿಲ್ಲ. ಆಗ ಹೊಳೆಯಿತು. ನನ್ನ ಗಂಟಲಲ್ಲೇ ಒಂದು ಗಡಿಯಾರವಿದೆಯಲ್ಲ! ಕೋಟೆಯ ಬಾಗಿಲಲ್ಲಿ ರಾಜ ಶತ್ರುವಿನ ದೂತನಿಗೆ ಹೇಳುವ ಮಾತು. "ಎಲೈ ದೂತನೇ, ನಿನ್ನ ಒಡೆಯನಿಗೆ ಹೋಗಿ ಹೇಳು, ಈ ಕೋಟೆಯ ಬಾಗಿಲಿಗೆ ಬೀಗವಿಲ್ಲ, ಬೀಗದ ಬದಲು ನಾನಿದ್ದೇನೆ" ಎಂದು ಶುರುವಾಗಿ "ಬರಲಿ" ಎಂದು ಮುಗಿಯುತ್ತದೆ. ಸರಿಯಾಗಿ ಮೂರು ನಿಮಿಷ, ಹೆಚ್ಚಿಲ್ಲ ಕಡಿಮೆಯಿಲ್ಲ. ಪರದೆ ಎಳೆಯುವವನು "ಬರಲಿ" ಕೇಳಿದ ಕೂಡಲೇ ಹಗ್ಗ ಬಿಡುತ್ತಿದ್ದ, ಕೈಗೆ ಗಡಿಯಾರ ಕಟ್ಟಿದವನಲ್ಲ ಅವನು. ನೀನೇ ಸಾಕ್ಷಿ.

ನಮ್ಮ ಮೂರನೇ ಮಹಡಿಯ ವರಾಂಡ ಆ ತುದಿಯಿಂದ ಈ ತುದಿಗೆ ಮೂವತ್ತೆರಡು ಹೆಜ್ಜೆ. ನಾನು ಮೋಡದ ಮೇಲೆ ನಿಂತವಳಂತೆ ಮಾತು ಶುರು ಮಾಡುವೆ. ಅವಳು ಎರಡೂ ತೊಡೆ ಬಿಗಿದುಕೊಂಡು ಹಲ್ಲು ಕಚ್ಚಿ ನಡೆಯುವಳು. "ಬರಲಿ" ಎಂದೊಡನೆ ಓಡಿಹೋಗಿ ಗಾಳಿ ಬಿಡುವೆ. ಕೊನೆಕೊನೆಗೆ ಅವಳ ಹಣೆಯ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಉರೀತಿದೆಯೇನೇ?" ಎಂದರೆ, "ಉರಿ ಆರಿಸೋದೇ ನನ್ನ ಕೆಲಸ, ನೀನು ಮಾತಾಡು" ಎನ್ನುವಳು. ಪಕ್ಕದ ಮನೆಯ ದರ್ಜಿ ಬಾಗಿಲು ತೆರೆದಿಟ್ಟು ಹೊಲಿಗೆ ಮಾಡುತ್ತ ಕೇಳುತ್ತಿದ್ದ. ಒಂದು ದಿನ ದಾರ ಕಚ್ಚಿಕೊಂಡೇ ಹೇಳಿದ, "ಯಾಕಕ್ಕ, ನಿಮ್ಮ ರಾಜ ಇತ್ತೀಚೆಗೆ ನಡೆದು ನಡೆದು ಮಾತಾಡ್ತಾನೆ? ಮೊದಲು ಕುದುರೆ ಮೇಲಿರ್ತಿದ್ದ." "ನೀನು ಮೊದಲು ಅಂಗಿ ತೋಳು ಸರಿಯಾಗಿ ಕೂರ್ಸೋದು ಕಲಿ" ಎಂದು ಝಾಡಿಸಿದೆ. ಆ ಮಾತನ್ನು ಅಲ್ಲಿಗೇ ಬಿಡಬಾರದಿತ್ತು.

ನಾಲ್ಕನೇ ವಾರ ಡಾಕ್ಟರಮ್ಮ ಅವಳನ್ನು ನಡೆಸಿ ಎದೆಬಡಿತ ಎಣಿಸಿದಳು. ಮೊದಲ ದಿನ ಅದು ಇಳಿಯಲು ನಾಲ್ಕು ನಿಮಿಷ ಹಿಡಿದಿತ್ತು, ಈಗ ಎರಡೇ. ಡಾಕ್ಟರಮ್ಮ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಐದನೇ ವಾರ ಶುರುವಾಗಿ ಎರಡನೇ ದಿನ, ವರಾಂಡದ ಕೊನೆಯ ಸುತ್ತು ಮುಗಿಸಿ ಅವಳು ಕೂತಳು. ಪಟ್ಟಿ ಬಿಚ್ಚಿದೆ. ಅದರಡಿ ಚರ್ಮ ನೇರಳೆಯಾಗಿತ್ತು. "ದೊಡ್ಡಮ್ಮ, ಬಲಗಾಲಿನ ಬೆರಳು ಎತ್ತೋಕೆ ಆಗ್ತಿಲ್ಲ," ಎಂದಳು ಮೆಲ್ಲಗೆ. ತಮಾಷೆ ಎಂದುಕೊಂಡೆ. ಪಾದ ಹಿಡಿದು ಹಿಸುಕಿದೆ. "ಮುಟ್ತಿದ್ದೀಯಾ?" ಎಂದು ಕೇಳಿದಳು, ಪಿಸು. ಮುಟ್ಟುತ್ತಿದ್ದೀಯಾ ಎಂದು.

ಕರೆಯುತ್ತಿದ್ದಾರೆ. ಸಾಮಾನು ತೂಕ ಮಾಡುತ್ತಾರಂತೆ. ಬಂದು ಬರೆಯುವೆ.

*

ಹತ್ತು ಗಂಟೆ ನಲವತ್ತು. ಇನ್ನೂ ಇಪ್ಪತ್ತು ನಿಮಿಷ. ನಿನ್ನ ಮಗಳು ಪೋಷಾಕು ಹಾಕಿ ಗೋಪುರದ ಬುಡದಲ್ಲಿ ನಿಂತಿದ್ದಾಳೆ. ಕೈಗೆ ಏನೂ ಕಟ್ಟಿರಬಾರದೆಂದು ಪರೀಕ್ಷೆ ನಡೆಸುವ ಮೀಸೆಯ ಅಧಿಕಾರಿ ಹೇಳಿದ್ದಕ್ಕೆ, ಸ್ನಾನಕ್ಕೂ ಬಿಚ್ಚದ ಕೈಗಡಿಯಾರವನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಅಂಕಿಗಳು ದಪ್ಪಗಿವೆ, ಕನ್ನಡಕವಿಲ್ಲದೆಯೂ ಓದಬಲ್ಲೆ. ಆಮೇಲೆ ನನ್ನ ಕಿವಿಯ ಬಳಿ ಬಾಗಿ, "ದೊಡ್ಡಮ್ಮ, ಇವತ್ತೊಂದು ದಿನ ಬಾಯಿ ಬಿಡಬೇಡ. ನಿನ್ನ ಮಾತು ಕೇಳಿದ್ರೆ ನನ್ನ ಕಾಲು ಆ ಲಯಕ್ಕೇ ನಡೆಯುತ್ತೆ" ಎಂದಳು. ಆಯಿತು ಎಂದೆ. ಅದಕ್ಕೇ ಈ ಪೆನ್ನು ಹಿಡಿದಿರುವುದು. ಇಲ್ಲದಿದ್ದರೆ ನನ್ನ ಗಂಟಲು ಸುಮ್ಮನಿರುವುದಿಲ್ಲ.

ಬೆರಳಿನ ಕಥೆ ಮುಗಿಸುತ್ತೇನೆ. ಅದೇ ಮಧ್ಯಾಹ್ನ ಕೇಂದ್ರಕ್ಕೆ ಕರೆದೊಯ್ದೆ. ಡಾಕ್ಟರಮ್ಮ ಪಾದ ನೋಡಿದಳು, ಮೊಣಕಾಲ ಕೆಳಗೆ ಬೆರಳಿಂದ ಬಡಿದಳು, ಕೂಡಲೇ ರಕ್ತ ಹೆಪ್ಪುಗಟ್ಟಿದೆಯೇ ನೋಡಿಸಲು ಆಸ್ಪತ್ರೆಗೆ ಕಳಿಸಿದಳು. ಆ ಎರಡು ಗಂಟೆ ನಾನು ಹೇಗಿದ್ದೆನೆಂದು ಬರೆಯಲಾರೆ. ಹೆಪ್ಪುಗಟ್ಟಿರಲಿಲ್ಲ. ನರ ಒತ್ತಿಕೊಂಡಿತ್ತು. ಮರಳಿ ಬಂದಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿದಳು.

"ಎಷ್ಟು ಹೊತ್ತು ಕಟ್ತಿದ್ರಿ?"

"ಮೂರು ನಿಮಿಷ."

"ಯಾವ ಗಡಿಯಾರ?"

ಹೇಳಿದೆ. ಎದೆಯುಬ್ಬಿಸಿಯೇ ಹೇಳಿದೆ, ನೋಡು ನನ್ನ ಬುದ್ಧಿ.

"ಹೇಳಿ ನೋಡೋಣ ಆ ಮಾತು," ಎಂದಳು. "ಇಲ್ಲೇ."

ಭುಜದ ನೋವಿಗೆ ಹಗ್ಗ ಎಳೆಯುತ್ತಿದ್ದ ಮುದುಕ, ಸೈಕಲ್ ತುಳಿಯುತ್ತಿದ್ದ ಟೀಚರಮ್ಮ, ಎಲ್ಲರೂ ನಿಲ್ಲಿಸಿ ನೋಡಿದರು. ಸಭೆ ಸಿಕ್ಕಿದರೆ ನಿನ್ನ ಅಕ್ಕ ಬಿಡುತ್ತಾಳೆಯೇ? ಕಾಲು ಅಗಲಿಸಿ ನಿಂತು ಕೋಟೆಯ ಬಾಗಿಲನ್ನೇ ತಂದು ಎದುರಿಗೆ ನಿಲ್ಲಿಸಿದೆ. "ಬರಲಿ" ಎಂದಾಗ ಮುದುಕ ಒಂದೇ ಕೈಯಲ್ಲಿ ತೊಡೆ ತಟ್ಟಿ ಮೆಚ್ಚಿದ. ಡಾಕ್ಟರಮ್ಮ ಫೋನನ್ನು ನನ್ನ ಕಣ್ಣಿನ ಹತ್ತಿರಕ್ಕೆ ಹಿಡಿದಳು. ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡ್.

"ನಿಮ್ಮ ಫೋನ್ ಕೆಟ್ಟಿದೆ," ಎಂದೆ.

"ಇನ್ನೊಂದ್ಸಲ ಹೇಳಿ."

ನಾಲ್ಕು ಐವತ್ಮೂರು.

"ಏಳು ಕಡೆ ನಿಂತ್ರಿ," ಎಂದಳು.

"ನಾನು ಎಲ್ಲೂ ನಿಲ್ಲಲಿಲ್ಲ. ಆ ಮಾತಲ್ಲಿ ನಿಲ್ಲೋ ಜಾಗಾನೇ ಇಲ್ಲ."

"ಉಸಿರಿಗೆ ನಿಂತ್ರಿ ಅಮ್ಮ." ಅವಳ ದನಿಯಲ್ಲಿ ಆಗ ಸೂಜಿ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. "ನಿಮಗೆ ಗೊತ್ತೇ ಆಗಿಲ್ಲ."

ಮೂರು ನಿಮಿಷ ಕಟ್ಟಬೇಕಾದ ಕಾಲನ್ನು ನಾನು ಹತ್ತಿರ ಹತ್ತಿರ ಐದು ನಿಮಿಷ ಕಟ್ಟುತ್ತಿದ್ದೆ. ದಿನಕ್ಕೆ ಐದು ಸಲ. ಒಂಬತ್ತು ದಿನ ವ್ಯಾಯಾಮ ಪೂರ್ತಿ ಬಂದ್. ಎಂಟು ವಾರದಲ್ಲಿ ಒಂಬತ್ತು ದಿನ ಎಂದರೆ ಏನೆಂದು ಲೆಕ್ಕ ಹಾಕಿಕೋ. ಮೂರನೇ ದಿನ ಹೆಬ್ಬೆರಳು ಅಲುಗಿತು. ನಾನು ಪಾದದ ಬುಡದಲ್ಲೇ ಕೂತಿದ್ದೆ. ಅಲುಗಿದ್ದನ್ನು ಅವಳಿಗಿಂತ ಮೊದಲು ನೋಡಿದವಳು ನಾನು. ಆಮೇಲೆ ಬುರುಡೆ ನನ್ನ ಕೈಯಿಂದ ಹೋಯಿತು. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಇಡುವ ಗಂಟೆಯೊಂದು ನನ್ನ ಸಿಂಹಾಸನ ಏರಿತು. ಮೂರು ನಿಮಿಷಕ್ಕೆ ಕಿರ್ರೆನ್ನುತ್ತದೆ, ಉಸಿರೇ ಬೇಕಿಲ್ಲ ಅದಕ್ಕೆ. ಉಳಿದ ದಿನಗಳಲ್ಲಿ ಅವಳು ನಡೆದಳು, ಕೊನೆಯ ಎರಡು ವಾರ ಮೆಟ್ಟಿಲನ್ನೂ ಹತ್ತಿದಳು. ದಮ್ಮು ಮರಳಿತೋ ಇಲ್ಲವೋ, ಡಾಕ್ಟರಮ್ಮ ಹೇಳಲಿಲ್ಲ. "ಗೋಪುರ ಹೇಳುತ್ತೆ" ಎಂದಳು ಅಷ್ಟೇ.

ಅಧಿಕಾರಿ ಸೀಟಿ ಬಾಯಿಗಿಟ್ಟುಕೊಂಡ. ನಾನು ಎದ್ದೆ.

*

ಹನ್ನೆರಡು ಗಂಟೆ. ಅಕ್ಷರ ಸೊಟ್ಟಗಿವೆ, ನೋಡಿ ನಗಬೇಡ.

ಸೀಟಿ ಕೂಗಿತು. ಕತ್ತಲ ಬಾಗಿಲೊಳಗೆ ಅವಳು ಹೋದಳು. ಆಮೇಲೆ ನನಗೆ ಕಂಡದ್ದು ಕಿಟಕಿಗಳು ಮಾತ್ರ. ಒಂದನೇ ಕಿಟಕಿಯಲ್ಲಿ ಹಳದಿ ಟೋಪಿ, ಎರಡನೆಯದರಲ್ಲಿ ಹಳದಿ ಟೋಪಿ. ಟೋಪಿ ಕಂಡಾಗಲೆಲ್ಲ ನಾನು ಗಡಿಯಾರ ನೋಡುವುದು. ತುದಿ ಮುಟ್ಟಿದಾಗ ಮೂರು ನಿಮಿಷ ಹತ್ತು. ಇಳಿದು ಬುಡಕ್ಕೆ ಬಂದಾಗ ನಾಲ್ಕೂವರೆ. ಮುಖ ಕಂಡಿತು, ಕೆಂಡದ ಹಾಗೆ. ನನ್ನ ಕಡೆ ನೋಡಲಿಲ್ಲ. ಮತ್ತೆ ಒಳಗೆ.

ಒಂದು. ಎರಡು. ಮೂರು. ನಾಲ್ಕು. ಐದನೇ ಕಿಟಕಿಗೆ ಟೋಪಿ ಬರಲಿಲ್ಲ.

ಆರು ನಿಮಿಷ ಐವತ್ತು. ಬರಲಿಲ್ಲ. ಏಳು ನಿಮಿಷ. ಪಕ್ಕದಲ್ಲಿ ನಿಂತ ಅವಳ ಜೊತೆಗಾರ "ಏಣಿ, ಮಂಡಿ ಹೋಯ್ತೇನೇ?" ಎಂದು ತನ್ನಷ್ಟಕ್ಕೆ ಅಂದುಕೊಂಡ. ಪಿಸು, ನನ್ನ ಬಾಯಿ ತುಂಬ ಆ ಮಾತು ಬಂದು ನಿಂತಿತ್ತು. ಎಲೈ ದೂತನೇ ಎಂದು ಒಂದು ಸಲ ಗುಡುಗಿದರೆ ಏಳು ಮಹಡಿಯೂ ನಡುಗುತ್ತಿತ್ತು. ಅಥವಾ ನಡುಗುತ್ತದೆ ಎಂದು ನಾನು ಅಂದುಕೊಂಡಿದ್ದೇನೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಅರವತ್ತೆರಡು ವರ್ಷದಲ್ಲಿ ಸಭೆಯೆದುರು ನಾನು ಸುಮ್ಮನೆ ನಿಂತದ್ದು ಇದೇ ಮೊದಲು.

ಏಳು ನಿಮಿಷ ಹತ್ತು. ಐದನೇ ಕಿಟಕಿಯಲ್ಲಿ ಟೋಪಿ. ಆರನೆಯದು. ಏಳನೆಯದರಲ್ಲಿ ಟೋಪಿಯಲ್ಲ, ಬರೀ ಪೈಪಿನ ಸುರುಳಿ ಹಾದುಹೋದದ್ದು ಕಂಡಿತು. ಆಮೇಲೆ ಗಂಟೆ.

ಅವಳ ಗಡಿಯಾರದಲ್ಲಿ ಏಳು ನಿಮಿಷ ಐವತ್ನಾಲ್ಕು. ಅಧಿಕಾರಿಯದರಲ್ಲಿ ಐವತ್ತಾರು. ಅವನು ಮೀಸೆಯಡಿಯಲ್ಲೇ, "ಪಾಸು. ನಾಲ್ಕು ಸೆಕೆಂಡ್ ಮಿಕ್ಕಿದೆ, ಟೀ ಕುಡಿದು ಬರಬಹುದಿತ್ತು" ಎಂದ. ಜೊತೆಗಾರರು ಕೇಕೆ ಹಾಕಿದರು. ನಾನು ಬಾಯಿಂದ ಸೆರಗು ತೆಗೆದು ಬೆಂಚಿನ ಮೇಲೆ ಕೂತೆ.

ಅವಳು ಇಳಿದು ಬಂದು ನನ್ನ ಪಕ್ಕದಲ್ಲಿ ನೆಲಕ್ಕೇ ಕೂತಳು. ನಾನು ಕೇಳಿದೆ, "ಐದನೇ ಮಹಡೀಲಿ ಏನಾಯ್ತೇ? ಮಂಡಿನಾ?"

"ಇಲ್ಲ. ಉಸಿರು ತಗೊಂಡೆ."

"ಅಷ್ಟು ಹೊತ್ತು ನಿಂತ್ಯಾ?"

"ನಿಂತೇ ತಗೊಂಡೆ. ಅಲ್ಲಿ ತಗೊಳ್ದೆ ಹೋಗಿದ್ರೆ ಏಳನೇದಕ್ಕೆ ಹೋಗ್ತಿರ್ಲಿಲ್ಲ. ಅದ್ರಲ್ಲೇನಿದೆ ದೊಡ್ಡಮ್ಮ ನಾಚಿಕೆ?"

ಈಗ ಅವಳು ಜೊತೆಗಾರರ ನಡುವೆ ಚಹಾ ಕುಡಿಯುತ್ತ ನಗುತ್ತಿದ್ದಾಳೆ. ಮಂಡಿ ಸ್ವಲ್ಪ ಬಾತಿದೆ. ಡಾಕ್ಟರಮ್ಮ ಸಂಜೆ ನೋಡುತ್ತಾಳೆ. ನಿನ್ನ ಮಗಳು ಗೆದ್ದಳು. ಅವಳನ್ನು ಬೈಯಬೇಡ. ಇಂದು ರಾತ್ರಿ ಅವಳೇ ಫೋನ್ ಮಾಡುತ್ತಾಳೆ. ಈ ಕಾಗದ ತಲುಪುವ ಮೊದಲೇ ನಿನಗೆ ಅರ್ಧ ಕಥೆ ಗೊತ್ತಾಗಿರುತ್ತದೆ. ಉಳಿದರ್ಧ ನಾನೇ ಹೇಳಬೇಕಾದದ್ದು. ನಿನ್ನ ಯಜಮಾನರಿಗೆ ನನ್ನ ನೆನಪು ತಿಳಿಸು. ನಿನ್ನ ಕಣ್ಣು, ಸೊಂಟ, ನಿದ್ದೆ ಮೂರೂ ಚೆನ್ನಾಗಿರಲಿ. ನೂರು ವರ್ಷ ಬಾಳು, ನನಗಿಂತ ಒಂದು ದಿನ ಹೆಚ್ಚು.

ನಿನ್ನ ಅಕ್ಕ,
ಗುಡುಗು

ಮತ್ತೆ: ಅಂಟು ಹಚ್ಚುವ ಮೊದಲು ಆ ಉಳಿದರ್ಧ.

ಗಡಿಯಾರವನ್ನು ಹಿಂದಕ್ಕೆ ಕೊಡುವಾಗ ನನ್ನ ಕೈ ನಿಂತಿತು. ಸ್ನಾನಕ್ಕೂ ಬಿಚ್ಚದ ಗಡಿಯಾರ. ವರಾಂಡದಲ್ಲೂ ಅದು ಅವಳ ಕೈಯಲ್ಲೇ ಇತ್ತಲ್ಲ. "ನೀನು ಒಂದು ದಿನಾನೂ ಇದನ್ನ ನೋಡ್ಲಿಲ್ವೇನೇ?" ಎಂದು ಕೇಳಿದೆ. ಅವಳು ಮೊದಲು ಗಡಿಯಾರದ ಪಟ್ಟಿ ಕಟ್ಟಿಕೊಂಡಳು, ಆಮೇಲೆ ಹೇಳಿದಳು. "ನೋಡ್ತಿದ್ದೆ. ಮೊದಲ್ನೇ ದಿನಾನೇ ನಾಲ್ಕು ದಾಟಿತ್ತು. ಹೇಳೋಣ ಅಂದ್ಕೊಂಡೆ. ಆದ್ರೆ ಅಮ್ಮ ಒಂದೇ ಒಂದ್ಸಲ ಹೇಳಿದ್ದಕ್ಕೆ ನೀನು ಎರಡು ವರ್ಷ ಮಾತು ಬಿಟ್ಟೆ. ನಾನು ಹೇಳಿದ್ರೆ ಎಲ್ಲಿಗೆ ಹೋಗ್ಲಿ ದೊಡ್ಡಮ್ಮ? ನಾನಿರೋದೇ ನಿನ್ನ ಮನೇಲಿ."

ಪಿಸು, ನನ್ನ ಕೊನೆಯ ಆಟ ಮುಗಿದು, ಬಣ್ಣ ಒರೆಸಿಕೊಳ್ಳುತ್ತಿದ್ದಾಗ ನೀನು ಪುಸ್ತಕ ತೆರೆದು ತೋರಿಸಿದ್ದೆ. ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ನೀನು ಪೆನ್ಸಿಲಿನಲ್ಲಿ ಪುಟ್ಟ ಗೆರೆ ಎಳೆಯುತ್ತಿದ್ದೆ. ಎಲ್ಲರ ಮಾತಿಗೂ ಗೆರೆಗಳಿದ್ದವು, ನನ್ನ ಆ ಮಾತಿಗೆ ಒಂದೂ ಇರಲಿಲ್ಲ. "ಅಕ್ಕ, ಇವತ್ತು ಎರಡು ಗೆರೆ ಹಾಕಬೇಕಾಯ್ತು. ಒಂದ್ಸಲ ಡಾಕ್ಟರಿಗೆ ತೋರ್ಸು" ಎಂದೆ ನೀನು. ನಾನು ಆ ಪುಸ್ತಕವನ್ನು ನಿನ್ನ ಮಡಿಲಿಗೆ ಎಸೆದು, ನೀನು ಯಾವತ್ತೂ ಪರದೆ ಮುಂದೆ ಬರದ ಹೊಟ್ಟೆಕಿಚ್ಚಿನವಳು ಎಂದೆ. ನೀನು ಪುಸ್ತಕ ಎತ್ತಿಕೊಂಡು ಹೋದೆ. ಇದೇ ಕಾರಣ. ಬೇರೆ ಯಾವುದೂ ಇಲ್ಲ.

ನಾನು ಕೇಳಲಾರದ ಮಾತಿಗೆ ನಿನ್ನ ಮಗಳ ಕಾಲು ಹೋಗುವುದರಲ್ಲಿತ್ತು.

ಡಾಕ್ಟರಮ್ಮ ನನ್ನ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಒಂದು ಕ್ಲಿಪ್ಪು ಸಿಕ್ಕಿಸಿ ನೋಡಿ, ಎದೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು. ಮೂರು ವಾರದಿಂದ ಕನ್ನಡಕದ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೇನೆ. ಸೋಮವಾರ ಹೋಗುತ್ತೇನೆ. ಒಬ್ಬಳೇ ಹೋಗಲು ಹೆದರಿಕೆ.

ಆ ಪುಸ್ತಕ ನಿನ್ನ ಹತ್ತಿರವಿದ್ದರೆ ಇನ್ನೂ ಐದು ಗೆರೆ ಹಾಕು. ಎಲ್ಲೆಲ್ಲಿ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅಂಚೆಯಲ್ಲಿ ಕಳಿಸಬೇಡ. ನೀನೇ ತಗೊಂಡು ಬಾ.